ದಂಡಿನ ನೆರಳಿನಲ್ಲಿ ಬಾಳಿದವರು ಮತ್ತು ಮೈಸೂರು ಸರ್ಕಾರ

ಸೈನ್ಯವು ಬೀಡುಬಿಟ್ಟೆಡೆಯಲ್ಲಿ ಊರೊಂದು ತಲೆಯೆತ್ತುವುದೂ, ಸೈನ್ಯವು ಕಾಲ್ತೆಗೆದೊಡನೆ ಆ ಊರು ಬಡವಾಗುವುದೂ ನಮ್ಮ ನಾಡಿನ ಚರಿತ್ರೆಯಲ್ಲಿ ಹೊಸ ಸಂಗತಿಯೇನಲ್ಲ. ಕದನಗಳನ್ನೂ ಒಪ್ಪಂದಗಳನ್ನೂ ಇತಿಹಾಸಕಾರರು ವಿಸ್ತಾರವಾಗಿ ಬರೆದಿಟ್ಟಿದ್ದಾರೆ. ಆದರೆ ಸೈನಿಕನ ಬಟ್ಟೆ ಒಗೆದವರು, ಅವನ ಕುದುರೆಗೆ ಹುಲ್ಲು ತಂದವರು, ಅವನಿಗೆ ರೊಟ್ಟಿ ಸುಟ್ಟವರು, ಅವನ ಮಕ್ಕಳನ್ನು ಎತ್ತಿ ಆಡಿಸಿದವರು ಏನಾದರು, ಅವರ ಹೊಣೆಯನ್ನು ಯಾವ ಸರ್ಕಾರ ಹೊತ್ತಿತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಬೆಂಗಳೂರಿನ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಅನೇಕವು ಈ ಬಗೆಯ ಜನರ ಸಂತತಿಯೇ ಆಗಿರುವುದರಿಂದ, ಈ ಪ್ರಶ್ನೆಯನ್ನು ಇಲ್ಲಿ ಎತ್ತುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಮೊದಲು ಶ್ರೀರಂಗಪಟ್ಟಣದ ಕಡೆಗೆ ಒಮ್ಮೆ ನೋಡೋಣ. ಟಿಪ್ಪುವಿನ ಆಳ್ವಿಕೆಯಲ್ಲಿ ಆ ಪಟ್ಟಣದಲ್ಲೂ ಗಂಜಾಮಿನಲ್ಲೂ ಸೇರಿ ಒಂದೂವರೆ ಲಕ್ಷ ಜನರಿದ್ದರೆಂದು 1800ರಲ್ಲಿ ಅಲ್ಲಿಗೆ ಬಂದ ಬುಕಾನನ್ ಅಂದಾಜು ಮಾಡಿದನು. ಆದರೆ ಅವನು ಕಂಡ ಜನ ಕೇವಲ 31,895. ಅರಮನೆ, ಅಧಿಕಾರಿಗಳು, ಪಡೆಗಳು ಇಲ್ಲವಾದೊಡನೆ ಅವರನ್ನೇ ನಂಬಿ ಬದುಕಿದ್ದ ನೇಕಾರರೂ ವರ್ತಕರೂ ಚದುರಿಹೋದರು. ಉಳಿದವರಿಗೆ ಆಸರೆಯಾಗಿದ್ದುದು ಬ್ರಿಟಿಷರ ಕಾವಲು ಪಡೆಯೊಂದೇ. ದ್ವೀಪದ ಜ್ವರಕ್ಕೆ ಸೈನಿಕರು ಬಲಿಯಾಗುತ್ತಿದ್ದುದರಿಂದ 1809ರ ಸುಮಾರಿನಿಂದ ಆ ಪಡೆಯೂ ಬೆಂಗಳೂರಿನ ಕಡೆಗೆ ಹೊರಟಿತು. ದ್ವೀಪವು ಕಂಪನಿಯ ಸ್ವತ್ತು. ಮೈಸೂರು ಸಂಸ್ಥಾನವು ಅದನ್ನು ವರ್ಷಕ್ಕೆ 50,000 ರೂಪಾಯಿ ಗೇಣಿಗೆ ಪಡೆದಿತ್ತು. ಒಡೆಯನು ದೂರದಲ್ಲಿ, ಗೇಣಿದಾರನು ಹತ್ತಿರದಲ್ಲಿ. ಊರು ಮಾತ್ರ ಇಬ್ಬರಿಗೂ ಬೇಡವಾಯಿತು. 1901ರ ಜನಗಣತಿಯ ವೇಳೆಗೆ ಅಲ್ಲಿ ಒಂಬತ್ತು ಸಾವಿರ ಜನರೂ ಉಳಿದಿರಲಿಲ್ಲ. ಜ್ವರ, ಪ್ಲೇಗುಗಳ ಪಾಲೂ ಇದರಲ್ಲಿ ಇದೆಯೆಂಬುದನ್ನು ಮರೆಯಲಾಗದು.

ಶ್ರೀರಂಗಪಟ್ಟಣವು ಕಳೆದುಕೊಂಡದ್ದನ್ನು ಬೆಂಗಳೂರು ಪಡೆಯಿತು. ಕೆಂಪೇಗೌಡರ ಕಾಲದ ಪೇಟೆಗೆ ಈಶಾನ್ಯದಲ್ಲಿ, ಹಲಸೂರು ಕೆರೆಯ ಸುತ್ತಣ ಬಯಲಿನಲ್ಲಿ ದಂಡು ಇಳಿಯಿತು. ಅದರೊಡನೆ ಇಳಿದ ಜನ ದಂಡಿಗಿಂತಲೂ ದೊಡ್ಡದು. ಆರ್ಕಾಟು ಸೀಮೆಯಿಂದ ದಂಡಿಗೆ ಸಾಮಾನು ಒದಗಿಸುವ ಮೊದಲಿಯಾರರು ಬಂದರು. ತಮಿಳು ಕೂಲಿಗಳೂ ಕುಶಲಕರ್ಮಿಗಳೂ ಬಂದರು. ದಖನಿ ಮಾತನಾಡುವ ಮುಸಲ್ಮಾನರು ಬಂದರು. ಸೈಸರು, ಭಿಸ್ತಿಗಳು, ದೋಬಿಗಳು, ದರ್ಜಿಗಳು, ಬಟ್ಲರರು, ಆಯಾಗಳು ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಕೇರಿಯೇ ಬೆಳೆಯಿತು. ಕೋಸು, ಕ್ಯಾರೆಟ್ಟು, ಆಲೂಗೆಡ್ಡೆ ಮೊದಲಾದ 'ಇಂಗ್ಲಿಷ್ ತರಕಾರಿ'ಗಳನ್ನು ಬೆಂಗಳೂರಿನ ಸುತ್ತಣ ತೋಟಿಗರು ಬೆಳೆಯಲು ಕಲಿತದ್ದೂ ದಂಡಿನ ಅಡಿಗೆಮನೆಗಾಗಿಯೇ. 1864ರಲ್ಲಿ ಜೋಲಾರಪೇಟೆಯಿಂದ ರೈಲುಹಾದಿ ಬಂದಾಗ ಅದು ಮುಟ್ಟಿದುದು ದಂಡನ್ನು. ಪೇಟೆಯವರು ತಮ್ಮ ನಿಲ್ದಾಣಕ್ಕಾಗಿ ಮತ್ತೆ ಹಲವು ವರ್ಷ ಕಾಯಬೇಕಾಯಿತು.

ನಮ್ಮ ದೇವಾಲಯಗಳ ಚರಿತ್ರೆಯೂ ಇದಕ್ಕೆ ಹೊರತಲ್ಲ. ಸಂತ ಪ್ಯಾಟ್ರಿಕರ ದೇವಾಲಯವು 1840ರ ದಶಕದಲ್ಲಿ ಎದ್ದುದು ಪಡೆಯಲ್ಲಿದ್ದ ಐರಿಷ್ ಕಥೋಲಿಕ ಸೈನಿಕರ ಸಲುವಾಗಿ. ಇತ್ತ ಬ್ಲ್ಯಾಕ್‌ಪಳ್ಳಿಯಲ್ಲಿ, ಎಂದರೆ ಈಗಿನ ಶಿವಾಜಿನಗರದಲ್ಲಿ, ದಂಡಿನ ಬಡ ತಮಿಳು ಕ್ರೈಸ್ತರು ಪ್ರಾರ್ಥಿಸುತ್ತಿದ್ದ ಪುಟ್ಟ ಗುಡಿಯ ಸ್ಥಳದಲ್ಲಿ 1882ರಲ್ಲಿ ಸಂತ ಮರಿಯಮ್ಮನವರ ದೊಡ್ಡ ದೇವಾಲಯವು ಅಭಿಷಿಕ್ತವಾಯಿತು. 1973ರಲ್ಲಿ ಅದು ಬಸಿಲಿಕದ ಪದವಿಗೇರಿತು. ಒಂದೇ ದಂಡು, ಒಂದೇ ಧರ್ಮ; ಆದರೂ ಸೈನಿಕನಿಗೊಂದು ಗುಡಿ, ಸೇವಕನಿಗೊಂದು ಗುಡಿ.

ಈ ಜನರೆಲ್ಲ ಯಾರ ಪ್ರಜೆಗಳು? 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಾಗ ಈ ಪ್ರಶ್ನೆಗೆ ವಿಚಿತ್ರವಾದೊಂದು ಉತ್ತರ ದೊರೆಯಿತು. ದಂಡು ಪ್ರದೇಶವನ್ನು ಬ್ರಿಟಿಷರ ಆಡಳಿತಕ್ಕೆ ವಹಿಸಿಕೊಡಲಾಯಿತು. ಅದಕ್ಕೆ ಪ್ರತಿಯಾಗಿ ಶ್ರೀರಂಗಪಟ್ಟಣದ ದ್ವೀಪವು ಮೈಸೂರಿಗೆ ಸೇರಿತು, ಅದರ ಗೇಣಿಯೂ ರದ್ದಾಯಿತು. ಸೈನ್ಯ ಬಿಟ್ಟುಹೋದ ಊರನ್ನು ಕೊಟ್ಟು, ಸೈನ್ಯ ತುಂಬಿದ ಊರನ್ನು ಇಟ್ಟುಕೊಂಡ ಈ ವಿನಿಮಯದಲ್ಲಿ ಲಾಭ ಯಾರದೆಂಬುದನ್ನು ವಿವರಿಸಬೇಕಾಗಿಲ್ಲ. 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರು ಪಡೆದ ಆ ಪ್ರದೇಶದ ಸಾರ್ವಭೌಮತ್ವವು ಮಹಾರಾಜರದೇ; ಅಧಿಕಾರ ಮಾತ್ರ ರೆಸಿಡೆಂಟರದು. ಆ ವರ್ಷದ ಜನಗಣತಿಯಂತೆ ಪೇಟೆಯಲ್ಲಿ 62,317 ಜನರಿದ್ದರೆ ದಂಡಿನಲ್ಲಿ 93,540 ಜನರಿದ್ದರು. ಇದಲ್ಲದೆ ಸೈನ್ಯದ ರಕ್ಷಣೆಗೆಂದು ಮೈಸೂರು 1799ರ ಒಪ್ಪಂದದ ಪ್ರಕಾರ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿಯನ್ನು ತೆರುತ್ತಿತ್ತು. 1881ರ ಕರಾರಿನಲ್ಲಿ ಅದನ್ನು 35 ಲಕ್ಷಕ್ಕೆ ಏರಿಸಲಾಯಿತು. ಮಹಾಕ್ಷಾಮದಿಂದ ನಾಡು ಸಾಲದಲ್ಲಿ ಮುಳುಗಿದ್ದುದರಿಂದ ಏರಿಕೆಯ ವಸೂಲಿಯನ್ನು 1896ರವರೆಗೆ ಮುಂದೂಡಲಾಯಿತೆಂಬುದಷ್ಟೇ ಸಮಾಧಾನ. ಮಿರ್ಜಾ ಇಸ್ಮಾಯಿಲ್ಲರ ದಿವಾನಗಿರಿಯಲ್ಲಿ, 1928ರ ವೇಳೆಗೆ, ಆ ಹೆಚ್ಚುವರಿ 10.5 ಲಕ್ಷವು ಕೊನೆಗೂ ಇಳಿಯಿತು. ಹೀಗೆ ರಾಗಿ ಬೆಳೆಯುವ ರೈತನ ಕಂದಾಯವೂ ದಂಡಿನ ಪೋಷಣೆಯಲ್ಲಿ ಸೇರಿತ್ತು. ಈ ಮಾತನ್ನು ದಂಡಿನ ವೈಭವವನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹೀಗಿದ್ದರೂ ದಂಡಿನ ಜನರ ವಿಷಯದಲ್ಲಿ ಮೈಸೂರು ಕೈಕಟ್ಟಿ ಕುಳಿತಿರಲಿಲ್ಲ. ಸೈನ್ಯದ ಆಶ್ರಯದಲ್ಲಿ ಬೆಳೆದ ಸಮುದಾಯಗಳಲ್ಲಿ ಆಂಗ್ಲೋ ಇಂಡಿಯನ್ನರದು ಇಬ್ಬಂದಿಯ ಸ್ಥಿತಿ. ತಂದೆಯು ಪಡೆಯೊಡನೆ ಸಾಗಿದರೆ ಅಥವಾ ಸತ್ತರೆ ಮಕ್ಕಳಿಗೆ ಇಂಗ್ಲೆಂಡೂ ಇಲ್ಲ, ಇಲ್ಲಿ ನೆಲವೂ ಇಲ್ಲ. ಡಿ. ಎಸ್. ವೈಟ್ ಎಂಬವರ ನೇತೃತ್ವದ ಅವರ ಸಂಘವು ಬೇಸಾಯದಿಂದಲಾದರೂ ಸ್ವತಂತ್ರವಾಗಿ ಬದುಕಬೇಕೆಂದು ಬಯಸಿದಾಗ, 1882ರಲ್ಲಿ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ವೈಟ್‌ಫೀಲ್ಡ್ ಹುಟ್ಟಿದುದು ಹೀಗೆ. ರಾಜ್ಯವನ್ನು ಮರಳಿ ಪಡೆದ ಮರುವರ್ಷವೇ, ಕ್ಷಾಮದ ಸಾಲ ತಲೆಯ ಮೇಲಿರುವಾಗಲೇ, ತನ್ನ ಅಧಿಕಾರಕ್ಕೆ ಒಳಪಡದ ಠಾಣ್ಯದ ಜನರಿಗಾಗಿ ಇಷ್ಟು ನೆಲ ಕೊಟ್ಟುದು ಸಣ್ಣ ಕೆಲಸವಲ್ಲ. ಆದರೆ ಕಚೇರಿಯ ಕೆಲಸಕ್ಕೆ ಒಗ್ಗಿದ ಕೈಗೆ ನೇಗಿಲು ಒಗ್ಗುವುದು ಸುಲಭವೇ? ಆ ಬಿಳಿಚು ನೆಲದ ಮಳೆಯಾಶ್ರಯದ ಬೇಸಾಯವು ನಿರೀಕ್ಷಿಸಿದಷ್ಟು ಕುಟುಂಬಗಳನ್ನು ಹಿಡಿದಿಡಲಿಲ್ಲ. ಇಂದು ಗಾಜಿನ ಕಟ್ಟಡಗಳು ತುಂಬಿರುವ ಆ ಬಡಾವಣೆಯಲ್ಲಿ ಈ ಹಿಂದಣ ಕಥೆಯನ್ನು ಬಲ್ಲವರು ಎಷ್ಟು ಮಂದಿಯೋ!

ನೆಲಕ್ಕಿಂತಲೂ ದೊಡ್ಡ ನೆರವು ನೀರಿನದು. ಹಲಸೂರು ಕೆರೆ, ಮಿಲ್ಲರ್ಸ್ ಕೆರೆ, ಸ್ಯಾಂಕಿ ಕೆರೆಗಳೆಲ್ಲ ಮಳೆಯನ್ನೇ ನಂಬಿದವು. ಒಂದು ಲಕ್ಷದ ಸಮೀಪಕ್ಕೆ ಏರಿದ ದಂಡಿನ ಜನಕ್ಕೆ ಬೇಸಗೆಯಲ್ಲಿ ಆ ನೀರು ಸಾಲದು. ಇದ್ದ ನೀರೂ ಶುದ್ಧವಲ್ಲ. ಬಂಗಲೆಗಳಿಗೆ ಭಿಸ್ತಿಯು ತೊಗಲಚೀಲದಲ್ಲಿ ಹೊತ್ತು ತರುತ್ತಿದ್ದನು. ಭಿಸ್ತಿಯ ಮನೆಗೆ ಅವನ ಹೆಂಡತಿಯೇ ಹೊರಬೇಕಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ ತರಿಸುವ ಕಾರ್ಯವನ್ನು 1894ರಲ್ಲಿ ಕೈಗೊಂಡರು. ಸೋಲದೇವನಹಳ್ಳಿಯಲ್ಲಿ ಹಬೆಯಂತ್ರಗಳಿಂದ ಮೇಲೆತ್ತಿದ ನೀರು ಕೊಳವೆಗಳಲ್ಲಿ ಹರಿದು ಪೇಟೆಗೂ ದಂಡಿಗೂ ಸೇರಿತು. ಎರಡು ಪುರಸಭೆಗಳು, ಎರಡು ಆಡಳಿತಗಳು, ಎರಡು ಬಗೆಯ ಕಾನೂನುಗಳು ಇದ್ದ ಊರಿನಲ್ಲಿ ಎರಡೂ ಕಡೆಗೆ ಒಂದೇ ಆಗಿದ್ದ ಮೊದಲ ವಸ್ತು ಈ ನೀರೆಂದರೆ ತಪ್ಪಾಗಲಾರದು. ಹೆಸರಘಟ್ಟವು ಕೈಕೊಡತೊಡಗಿದಾಗ ಮತ್ತೆ ಮೈಸೂರು ಸರ್ಕಾರವೇ ಮುಂದಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಸಿದ್ಧಗೊಳಿಸಿತು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರು ಪೇಟೆಯನ್ನು ಬೆಳಗಿ, ತರುವಾಯ ದಂಡಿಗೂ ಹಬ್ಬಿತು. ಇವೆಲ್ಲವನ್ನೂ ಧರ್ಮಾರ್ಥವೆಂದು ಹೇಳುವುದಿಲ್ಲ. ಪೇಟೆಯ ವ್ಯಾಪಾರವು ದಂಡಿನ ಸಂಬಳದ ಮೇಲೆ ಎಷ್ಟು ನಿಂತಿತ್ತೆಂಬುದನ್ನು ದಿವಾನರುಗಳು ಚೆನ್ನಾಗಿ ಬಲ್ಲವರಾಗಿದ್ದರು. 1898ರ ಪ್ಲೇಗು ಬೇರೊಂದು ಪಾಠ ಕಲಿಸಿತು: ರೋಗಕ್ಕೆ ರೆಸಿಡೆಂಟರ ಗಡಿಯೂ ಇಲ್ಲ, ಮಹಾರಾಜರ ಗಡಿಯೂ ಇಲ್ಲ. ಆ ಬಳಿಕ ಪೇಟೆಯ ಕಡೆಗೆ ಬಸವನಗುಡಿ, ಮಲ್ಲೇಶ್ವರಗಳೂ ದಂಡಿನ ಕಡೆಗೆ ಫ್ರೇಜರ್ ಟೌನೂ ವಿಶಾಲವಾದ ಬೀದಿಗಳೊಡನೆ ಮೈದಳೆದವು.

ಎರಡನೆಯ ಮಹಾಯುದ್ಧವು ದಂಡನ್ನು ಉಬ್ಬಿಸಿತು. ಜಾಲಹಳ್ಳಿಯ ಬಯಲಿನಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರಗಳು ಎದ್ದವು. ಜಟಕಾದವನಿಂದ ಹಿಡಿದು ಹೋಟೆಲಿನವನವರೆಗೆ ಎಲ್ಲರ ಕೈಯಲ್ಲೂ ಹಣ ಓಡಾಡಿತು. ಯುದ್ಧ ಮುಗಿದೊಡನೆ ಈ ಸಂಪಾದನೆ ನಿಲ್ಲುವುದೆಂಬುದು ಗುಟ್ಟಾಗಿರಲಿಲ್ಲ. ಇಂತಹ ಸಂದರ್ಭದಲ್ಲಿ ಮೈಸೂರು ಸರ್ಕಾರ ಮಾಡಿದ ಒಂದು ಕಾರ್ಯವು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಹತ್ವದ್ದು. ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆಗೆ ಸ್ಥಳ ಅರಸುತ್ತಿದ್ದಾಗ, ಸಂಸ್ಥಾನವು ದಂಡಿನ ಪೂರ್ವಕ್ಕೆ ಭೂಮಿಯನ್ನು ಕೊಟ್ಟು ಬಂಡವಾಳದಲ್ಲೂ ಪಾಲುಗೊಂಡಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ನೋಂದಣಿಯಾಯಿತು. 1941ರಲ್ಲಿ ಭಾರತ ಸರ್ಕಾರವೂ ಪಾಲು ಕೊಂಡಿತು. 1943ರಿಂದ ಅಮೆರಿಕದ ವಿಮಾನಪಡೆಗೆ ಅದು ದುರಸ್ತಿಯ ಕೇಂದ್ರವಾಯಿತು. ಯುದ್ಧಾನಂತರ ವಿಮಾನಗಳ ಕೆಲಸ ಕುಗ್ಗಿದಾಗ ಕಾರ್ಖಾನೆ ಬಾಗಿಲು ಹಾಕಲಿಲ್ಲ. ಅದೇ ಕೈಗಳು ರೈಲಿನ ಉಕ್ಕಿನ ಬೋಗಿಗಳನ್ನೂ ಬಸ್ಸುಗಳ ಮೈಕಟ್ಟನ್ನೂ ತಯಾರಿಸಿದವು. 1964ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಹೀಗೆ ಒಂದರ ಹಿಂದೊಂದು ಬಂದ ಕಾರ್ಖಾನೆಗಳು ದಂಡಿನ ಅಂಚಿನಲ್ಲಿಯೇ ನೆಲೆಗೊಂಡವು.

1947ರ ಜುಲೈ 26ರಂದು ದಂಡಿನ ಆಡಳಿತವು ಮೈಸೂರಿಗೆ ಹಿಂದಿರುಗಿತು. ಸ್ವಾತಂತ್ರ್ಯಕ್ಕೆ ಇನ್ನು ಮೂರು ವಾರ ಮಾತ್ರ ಉಳಿದಿತ್ತು. ಬ್ರಿಟಿಷ್ ಪಡೆಗಳು ಹೊರಟವು. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಬಹಳಷ್ಟು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ತೆರಳಿದವು. ಶ್ರೀರಂಗಪಟ್ಟಣದ ಗತಿ ಇಲ್ಲಿಗೂ ಬರಬಹುದಾಗಿತ್ತು. ಬರಲಿಲ್ಲ. ಹಲಸೂರಿನ ಮದರಾಸು ಸ್ಯಾಪರ್ಸ್ ಪಡೆ ಸ್ವತಂತ್ರ ಭಾರತದ ಸೈನ್ಯವಾಗಿ ಅಲ್ಲಿಯೇ ಉಳಿಯಿತು ಎಂಬುದು ಒಂದು ಕಾರಣ, ಕಾರ್ಖಾನೆಗಳು ಇನ್ನೊಂದು. 1949ರ ಕಾಯಿದೆಯಿಂದ ಎರಡು ಪುರಸಭೆಗಳೂ ಒಂದಾಗಿ ಬೆಂಗಳೂರು ನಗರಪಾಲಿಕೆ ರೂಪುಗೊಂಡು, ದಂಡಿನ ಬೀದಿಗಳ ದೀಪ, ಚರಂಡಿ, ಶಾಲೆಗಳ ಹೊಣೆ ಇಡೀ ಊರಿನ ಹೊಣೆಯಾಯಿತು.

ಆದರೆ ಎಲ್ಲರಿಗೂ ಆಸರೆ ದೊರೆಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಕಾರ್ಖಾನೆಯ ಬಾಗಿಲು ತೆರೆದುದು ಫಿಟ್ಟರಿಗೆ, ಟರ್ನರಿಗೆ, ಅಕ್ಷರ ಬಲ್ಲ ಗುಮಾಸ್ತನಿಗೆ. ಐವತ್ತು ದಾಟಿದ ಬಟ್ಲರನೂ ಆಯಾ ಕೆಲಸವಲ್ಲದೆ ಬೇರೇನನ್ನೂ ಅರಿಯದ ವಿಧವೆಯೂ ಆ ಬಾಗಿಲಲ್ಲಿ ನಿಂತು ಏನು ಮಾಡಿಯಾರು? ಅಂತಹವರ ಮಕ್ಕಳು ಓದಿದರೆ ಮಾತ್ರ ಮನೆ ಉಳಿಯುತ್ತಿತ್ತು. ಆ ಓದಿನ ಭಾರವನ್ನು ಸರ್ಕಾರದ ಶಾಲೆಗಳೊಡನೆ ಧರ್ಮಕೇಂದ್ರಗಳ ಶಾಲೆಗಳೂ ಕನ್ಯಾಸ್ತ್ರೀ ಮಠಗಳೂ ಹೊತ್ತವು. ಭಾಷೆಯ ತೊಡಕೂ ಇತ್ತು. ದಂಡಿನ ಜನಕ್ಕೆ ಕಚೇರಿಯ ಭಾಷೆ ಇಂಗ್ಲಿಷು, ಮನೆಯ ಭಾಷೆ ತಮಿಳೋ ಉರ್ದುವೋ; ತಮ್ಮನ್ನು ಬರಮಾಡಿಕೊಂಡ ರಾಜ್ಯದ ಕನ್ನಡವು ಅವರಿಗೆ ಪೇಟೆಯ ಮಾತಾಗಿಯೇ ಉಳಿದಿತ್ತು. ಯಾವ ಭಾಷೆಯಲ್ಲಿ ಪೂಜೆ ನಡೆಯಬೇಕೆಂದು ನಮ್ಮ ದೇವಾಲಯಗಳಲ್ಲಿ ಮುಂದೆ ಎದ್ದ ನೋವಿನ ವಿವಾದಗಳ ಬೇರನ್ನು ಹುಡುಕುವವರು ಈ ಇಬ್ಭಾಗವಾದ ಊರಿನ ಚರಿತ್ರೆಯನ್ನು ಓದದೆ ಮುಂದೆ ಹೋಗಲಾರರು. ಪುರಸಭೆಗಳನ್ನು ಕಾಯಿದೆಯಿಂದ ಕೂಡಿಸಬಹುದು. ಅಕ್ಕಪಕ್ಕದ ಕೇರಿಗಳು ಕೂಡಲು ಎರಡು ಮೂರು ತಲೆಮಾರು ಬೇಕಾಯಿತು.

ರೆಸಿಡೆಂಟರ ವರದಿಗಳಲ್ಲಿಯೂ ದಿವಾನರ ಭಾಷಣಗಳಲ್ಲಿಯೂ ಕಂದಾಯ, ಕೊಳವೆ, ಎಕರೆಗಳ ಲೆಕ್ಕವುಂಟು; ಸೈಸನ ಹೆಸರಿಲ್ಲ, ದೋಬಿಯ ಹೆಸರಿಲ್ಲ. ಅವರ ಹೆಸರನ್ನು ಹುಡುಕಬೇಕಾದುದು ದಂಡಿನ ಹಳೆಯ ದೇವಾಲಯಗಳ ಜ್ಞಾನಸ್ನಾನ, ವಿವಾಹ, ಮರಣಗಳ ದಫ್ತರಗಳಲ್ಲಿ. ವಿಚಾರಣೆಯ ಗುರುಗಳ ಕಪಾಟಿನಲ್ಲಿ, ಹಳದಿಗಟ್ಟಿದ ಹಾಳೆಗಳ ಮೇಲೆ, ಶಾಯಿ ಮಾಸುತ್ತ ಅವು ಇನ್ನೂ ಓದುವವರಿಗಾಗಿ ಕಾದಿವೆ.