ದಶಮಾಂಶ ಸಂಖ್ಯೆಗಳನ್ನು ಸಮೀಪದ ಬೆಲೆಗೆ ತರುವುದು: ಪೋಷಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ

ದಶಮಾಂಶ ಬಿಂದುವಿನ ನಂತರ ಹಲವು ಅಂಕಿಗಳಿರುವ ಸಂಖ್ಯೆಯನ್ನು, ಅದಕ್ಕೆ ಅತಿ ಸಮೀಪವಿರುವ ಮತ್ತು ಕಡಿಮೆ ಅಂಕಿಗಳುಳ್ಳ ಸಂಖ್ಯೆಯಾಗಿ ಬರೆಯುವ ಕ್ರಮಕ್ಕೆ ಬಳಕೆಯಲ್ಲಿ ರೌಂಡ್ ಆಫ್ ಎನ್ನಲಾಗುತ್ತದೆ. ಶುಲ್ಕ, ತೆರಿಗೆ ಮತ್ತು ಅಂಕಗಳ ಶೇಕಡಾವಾರು ಪ್ರಮಾಣವನ್ನು ನಮೂದಿಸುವಾಗ ಸಾರ್ವಜನಿಕರಿಗೂ ಇದರ ಅಗತ್ಯವಿರುತ್ತದೆ.

ಮಕ್ಕಳಿಗೆ ತಿಳಿಸುವ ಕ್ರಮ

ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕೆ ಮೊದಲು ಸೆಂಟಿಮೀಟರ್ ಗುರುತುಗಳಿರುವ ಸ್ಕೇಲನ್ನು ಮಗುವಿನ ಕೈಗೆ ಕೊಡುವುದು ಸೂಕ್ತ. ಪೆನ್ಸಿಲಿನ ಉದ್ದ 7.3 ಸೆಂ.ಮೀ. ಇದ್ದರೆ ಅದರ ತುದಿಯು 7 ಮತ್ತು 8ರ ನಡುವೆ ಇದ್ದು, 7ಕ್ಕೆ ಹತ್ತಿರವಿರುವುದು ಕಣ್ಣಿಗೇ ಕಾಣುತ್ತದೆ. 7.8 ಆಗಿದ್ದಲ್ಲಿ 8ಕ್ಕೆ ಹತ್ತಿರ. ಇದು ಮನದಟ್ಟಾದ ಮೇಲೆ, ಉಳಿಸಿಕೊಳ್ಳಬೇಕಾದ ಸ್ಥಾನದ ಬಲಕ್ಕಿರುವ ಅಂಕಿಯು 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದನ್ನು ಕೂಡಿಸಬೇಕು, ಕಡಿಮೆಯಿದ್ದರೆ ಬಿಟ್ಟುಬಿಡಬೇಕು ಎಂಬ ನಿಯಮವನ್ನು ತಿಳಿಸಬಹುದು.

7.5 ಎರಡೂ ಕಡೆಗೆ ಸಮದೂರದಲ್ಲಿದೆ. ಇಲ್ಲಿ ಮೇಲಕ್ಕೆ ಏರಿಸುವುದು ಒಪ್ಪಂದವೇ ಹೊರತು ಹತ್ತಿರವೆಂಬ ಕಾರಣದಿಂದಲ್ಲ. ಮಗು ಪ್ರಶ್ನಿಸಿದಲ್ಲಿ ಹಾಗೆಯೇ ಹೇಳುವುದು ಒಳ್ಳೆಯದು.

ಮಕ್ಕಳು ಹೆಚ್ಚಾಗಿ ಮಾಡುವ ತಪ್ಪೆಂದರೆ ಹಂತಹಂತವಾಗಿ ರೌಂಡ್ ಆಫ್ ಮಾಡುವುದು. 2.446ನ್ನು ಒಂದು ದಶಮಾಂಶ ಸ್ಥಾನಕ್ಕೆ ತರುವಾಗ ಮೊದಲು 2.45, ಅನಂತರ 2.5 ಎಂದು ಬರೆಯುತ್ತಾರೆ. ಶತಾಂಶ ಸ್ಥಾನದ 4ನ್ನು ಮಾತ್ರ ನೋಡತಕ್ಕದ್ದು, ಸರಿಯುತ್ತರ 2.4. ಹಾಗೆಯೇ 4.96 ಎಂಬುದು 5.0 ಆಗುತ್ತದೆ. ಕೊನೆಯ ಸೊನ್ನೆಯು ಎಷ್ಟು ಸ್ಥಾನದವರೆಗೆ ಲೆಕ್ಕ ಹಾಕಲಾಗಿದೆ ಎಂಬುದನ್ನು ತೋರಿಸುವುದರಿಂದ ಅದನ್ನು ಕೈಬಿಡಬಾರದು.

ಆಣೆಯಿಂದ ಪೈಸೆಗೆ

ಭಾರತದಲ್ಲಿ ದಶಮಾಂಶ ನಾಣ್ಯ ಪದ್ಧತಿಯು 1957ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಹದಿನಾರು ಆಣೆಯ ರೂಪಾಯಿಯು ನೂರು ನಯಾ ಪೈಸೆಯಾಯಿತು. ಲೆಕ್ಕದಂತೆ ಒಂದು ಆಣೆಗೆ 6.25 ನಯಾ ಪೈಸೆ. ಅಂತಹ ನಾಣ್ಯವಿಲ್ಲದ ಕಾರಣ ಪರಿವರ್ತನಾ ಪಟ್ಟಿಯಲ್ಲಿ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ನಿಗದಿಪಡಿಸಲಾಯಿತು. ಎರಡು ಆಣೆಯ 12.5ನ್ನು ಮೇಲಕ್ಕೇರಿಸದೆ ಅರ್ಧವನ್ನು ಬಿಟ್ಟಿರುವುದು ಗಮನಾರ್ಹ. ಒಂದೊಂದು ಆಣೆಯಂತೆ ಮೂರು ಬಾರಿ ಕೊಟ್ಟವನಿಗೆ 18 ನಯಾ ಪೈಸೆ, ಒಟ್ಟಿಗೆ ಕೊಟ್ಟವನಿಗೆ 19. ಮನೆಯ ಹಿರಿಯರು ಈ ಚಿಲ್ಲರೆ ಲೆಕ್ಕವನ್ನು ಇಂದಿಗೂ ನೆನೆಯುವುದುಂಟು. ಮೊತ್ತವನ್ನು ಕೂಡಿದ ನಂತರವೇ, ಒಂದೇ ಬಾರಿ ರೌಂಡ್ ಆಫ್ ಮಾಡಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ.

25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 170ನೇ ಪ್ರಕರಣದಂತೆ ತೆರಿಗೆ, ಬಡ್ಡಿ, ದಂಡ ಮತ್ತು ಮರುಪಾವತಿ ಮೊತ್ತಗಳನ್ನು ಸಮೀಪದ ರೂಪಾಯಿಗೆ ಪೂರ್ಣಾಂಕಗೊಳಿಸತಕ್ಕದ್ದು: 50 ಪೈಸೆ ಅಥವಾ ಹೆಚ್ಚಿದ್ದಲ್ಲಿ ಒಂದು ರೂಪಾಯಿ, ಕಡಿಮೆಯಿದ್ದಲ್ಲಿ ಬಿಡುವುದು. ರೂ. 418.50 ಎಂಬುದು ರೂ. 419 ಆಗುತ್ತದೆ, ರೂ. 418.49 ಎಂಬುದು ರೂ. 418.

ಅರ್ಜಿಗಳಲ್ಲಿ ಶೇಕಡಾವಾರು ಅಂಕಗಳು

ಅರ್ಜಿದಾರರಿಗೆ ಹೆಚ್ಚು ತೊಂದರೆಯಾಗುವುದು ಇಲ್ಲಿಯೇ. ಎಸ್.ಎಸ್.ಎಲ್.ಸಿ.ಯ 625 ಅಂಕಗಳಿಗೆ 312 ಪಡೆದ ವಿದ್ಯಾರ್ಥಿಯ ಪ್ರಮಾಣ ಶೇ. 49.92. ಶಾಲೆಯಲ್ಲಿ ಕಲಿತ ನಿಯಮದಂತೆ ಇದು 50. ಆದರೆ ಕನಿಷ್ಠ ಶೇ. 50 ಎಂದು ಪ್ರಕಟಣೆಯಲ್ಲಿದ್ದು, ರೌಂಡ್ ಆಫ್ ಮಾಡಲು ಅವಕಾಶವಿದೆಯೆಂದು ಬರೆದಿಲ್ಲವಾದರೆ, 50 ಎಂದು ನಮೂದಿಸಕೂಡದು. ಬ್ಯಾಂಕು ನೇಮಕಾತಿಯ ಪ್ರಕಟಣೆಗಳಲ್ಲಿ ಶೇ. 59.99ನ್ನು 60ಕ್ಕಿಂತ ಕಡಿಮೆಯೆಂದೇ ಪರಿಗಣಿಸಲಾಗುವುದೆಂದು ಸ್ಪಷ್ಟವಾಗಿ ತಿಳಿಸಿರುತ್ತಾರೆ. ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗದಿದ್ದಲ್ಲಿ, ದಾಖಲೆ ಪರಿಶೀಲನೆಯ ಹಂತದಲ್ಲಿ ಅರ್ಜಿ ತಿರಸ್ಕೃತವಾಗಬಹುದು. ಆದುದರಿಂದ ಪಡೆದ ಅಂಕ, ಗರಿಷ್ಠ ಅಂಕ ಮತ್ತು ಎರಡು ದಶಮಾಂಶ ಸ್ಥಾನದವರೆಗಿನ ಶೇಕಡಾ ಪ್ರಮಾಣವನ್ನು ಇದ್ದಂತೆಯೇ ಬರೆಯತಕ್ಕದ್ದು. ಸಂಶಯವಿದ್ದಲ್ಲಿ ಅರ್ಜಿ ಸಲ್ಲಿಸುವ ಮುನ್ನ ಪ್ರಕಟಣೆ ಹೊರಡಿಸಿದ ಕಚೇರಿಯನ್ನು ವಿಚಾರಿಸುವುದು.