ಮುಠಾ ತೀರದ ಬಿಡಾರಗಳು: ಪುಣೆಯ ಹೊಳೆದಂಡೆಯ ಬಾಡಿಗೆ ವಾಸದ ಇತಿಹಾಸ

1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆ ನಗರದ ಹೊಳೆದಂಡೆಯ ಭಾಗಗಳು ಮುಳುಗಿದ ಘಟನೆ ಇದುವರೆಗೆ ಮುಖ್ಯವಾಗಿ ಎರಡು ದೃಷ್ಟಿಗಳಿಂದ ಚರ್ಚೆಗೆ ಒಳಗಾಗಿದೆ. ಒಂದು, ಅಣೆಕಟ್ಟು ನಿರ್ಮಾಣಶಾಸ್ತ್ರದ ದೃಷ್ಟಿ. ಇನ್ನೊಂದು, ಆಡಳಿತದ ಹೊಣೆಗಾರಿಕೆಯ ದೃಷ್ಟಿ. ಆ ದಿನ ನೀರು ಹೊಕ್ಕ ಮನೆಗಳಲ್ಲಿ ವಾಸವಾಗಿದ್ದವರು ಯಾರು, ಯಾವ ಹಕ್ಕಿನಿಂದ ಅಲ್ಲಿದ್ದರು, ನೀರು ಇಳಿದ ಮೇಲೆ ಆ ಹಕ್ಕು ಏನಾಯಿತು ಎಂಬ ಪ್ರಶ್ನೆಗಳಿಗೆ ಸಿಗಬೇಕಾದಷ್ಟು ಮಹತ್ವ ಸಿಕ್ಕಿಲ್ಲ. ಮನೆ ಕಳೆದುಕೊಂಡವರಲ್ಲಿ ದೊಡ್ಡ ಪಾಲು ಬಾಡಿಗೆದಾರರು. ಅವರ ಕಡೆಯಿಂದ ನೋಡಿದಾಗ ಪ್ರವಾಹದ ಕಥೆ ಆ ಜುಲೈ ತಿಂಗಳಿಗೆ ಬಹಳ ಹಿಂದೆಯೇ ಆರಂಭವಾಗುತ್ತದೆ.

ಮುಠಾ ನದಿಯ ಬಲದಂಡೆಯಲ್ಲಿ ಹಳೆಯ ಪುಣೆಯ ಪೇಠೆಗಳಿವೆ. ಕಸಬಾ, ಶನಿವಾರ, ನಾರಾಯಣ ಪೇಠೆಗಳ ಒಂದು ಅಂಚು ಹೊಳೆಗೇ ತಾಗುತ್ತದೆ. ಎಡದಂಡೆಯಲ್ಲಿ ಭಾಂಬುರ್ಡೆ ಮತ್ತು ಎರಂಡವಣೆ ಎಂಬ ಹಳ್ಳಿಗಳಿದ್ದವು. ಮುಂದೆ ಶಿವಾಜಿನಗರವೆಂದು ಹೆಸರಾದದ್ದು ಈ ಭಾಂಬುರ್ಡೆಯೇ. ಎರಡು ದಂಡೆಗಳನ್ನು ಕೂಡಿಸುತ್ತಿದ್ದದ್ದು ಲಕ್ಡಿ ಪೂಲ್. ಮರದ ಸೇತುವೆ ಹೋಗಿ ಕಲ್ಲಿನ ಸೇತುವೆ ಬಂದ ಮೇಲೂ ಜನ ಅದನ್ನು ಮರದ ಸೇತುವೆಯೆಂದೇ ಕರೆಯುತ್ತ ಬಂದರು. ಹೊಳೆಯೊಡನೆ ನಗರದ ಸಂಬಂಧ ಆತ್ಮೀಯವಾದದ್ದೇನೂ ಆಗಿರಲಿಲ್ಲ. ಪೇಶ್ವೆಯರ ಕಾಲದಲ್ಲಿ ಕುಡಿಯುವ ನೀರು ಬರುತ್ತಿದ್ದುದು ದೂರದ ಕಾತ್ರಜ್ ಕೆರೆಯಿಂದ, ನೆಲದಡಿಯ ಕಾಲುವೆಗಳ ಮೂಲಕ. ಹೊಳೆದಂಡೆಯಲ್ಲಿದ್ದದ್ದು ಓಂಕಾರೇಶ್ವರ ದೇವಾಲಯ, ಅದರ ಪಕ್ಕದ ಸ್ಮಶಾನ, ಬಟ್ಟೆ ಒಗೆಯುವ ಘಾಟುಗಳು. ನದೀತೀರದ ಮನೆಯೆಂಬುದು ಆ ಪುಣೆಯಲ್ಲಿ ಪ್ರತಿಷ್ಠೆಯ ಗುರುತಾಗಿರಲಿಲ್ಲವೆಂದು ತಿಳಿಯುವುದು ಯುಕ್ತ.

ಪೇಠೆಗಳ ಮನೆಗಳು ವಾಡೆಗಳು. ಉತ್ತರ ಕರ್ನಾಟಕದ ದೇಸಾಯರ ವಾಡೆಗಳನ್ನು ಬಲ್ಲವರಿಗೆ ಅವುಗಳ ರಚನೆಯನ್ನು ವಿವರಿಸಬೇಕಾಗಿಲ್ಲ: ಕಲ್ಲಿನ ತಳಪಾಯ, ಮರದ ಕಂಬ ತೊಲೆಗಳ ಚೌಕಟ್ಟು, ಮೇಲೆ ಇಟ್ಟಿಗೆ ಮಣ್ಣುಗಳ ಗೋಡೆ, ನಡುವೆ ಚೌಕ. ಒಂದು ಮನೆತನಕ್ಕೆಂದು ಕಟ್ಟಿದ ಈ ಕಟ್ಟಡಗಳು 1818ರಲ್ಲಿ ಪೇಶ್ವಾಯಿ ಅಳಿದ ನಂತರ, ಮನೆತನಗಳ ವರಮಾನ ಕುಗ್ಗಿದಂತೆ, ಕೋಣೆ ಕೋಣೆಯಾಗಿ ಬಾಡಿಗೆಗೆ ಹೋದವು. ಒಂದು ವಾಡೆಯಲ್ಲಿ ಹಲವು ಸಂಸಾರಗಳು. ಬಾವಿ ಅಥವಾ ನಲ್ಲಿ, ಶೌಚಾಲಯ, ಚೌಕ ಎಲ್ಲರಿಗೂ ಸಾಮಾನ್ಯ. ಇಂತಹ ಬಾಡಿಗೆ ಸಂಸಾರಕ್ಕೆ ಮರಾಠಿಯಲ್ಲಿ ‘ಬಿರ್‍ಹಾಡ’ ಎಂಬ ಮಾತಿದೆ. ಕನ್ನಡದ ‘ಬಿಡಾರ’ವನ್ನು ಅದು ನೆನಪಿಗೆ ತರುತ್ತದೆ. ಆದರೆ ಬಿಡಾರವೆಂದರೆ ಕೆಲವು ದಿನದ ತಂಗು. ವಾಡೆಯ ಬಿರ್‍ಹಾಡ ಎರಡು ಮೂರು ತಲೆಮಾರುಗಳವರೆಗೂ ಕದಲದಿರುವುದುಂಟು.

ಕನ್ನಡ ನಾಡಿಗೂ ಈ ಬಾಡಿಗೆಯ ಕೋಣೆಗಳಿಗೂ ಸಂಬಂಧವಿದೆ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಧಿಪತ್ಯದಲ್ಲಿದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಆ ಭಾಗದ ವಿದ್ಯಾರ್ಥಿಗಳು ಪದವಿ ಶಿಕ್ಷಣಕ್ಕೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. 1885ರಲ್ಲಿ ಸ್ಥಾಪನೆಯಾದ ಫರ್ಗ್ಯುಸನ್ ಕಾಲೇಜು ಮುಂದಿನ ದಶಕದಲ್ಲಿ ಹೊಳೆಯಾಚೆಯ ಬಯಲಿಗೆ ಸ್ಥಳಾಂತರಗೊಂಡಿತು. ದ. ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಪದವಿ ಪಡೆದದ್ದು ಈ ಕಾಲೇಜಿನಿಂದಲೇ. ಕಾಲೇಜು ಎಡದಂಡೆಯಲ್ಲಿ, ಅಗ್ಗದ ಕೋಣೆ ಬಲದಂಡೆಯ ಪೇಠೆಗಳಲ್ಲಿ. ವಸತಿಗೃಹದಲ್ಲಿ ಸ್ಥಳ ಸಿಗದವರಿಗೆ ಅಥವಾ ಅದರ ವೆಚ್ಚ ಭರಿಸಲಾಗದವರಿಗೆ ದಿನವೂ ಸೇತುವೆ ದಾಟುವುದೇ ದಾರಿ.

ಹೊಳೆಯಾಚೆಯ ಬಯಲು ಉಪನಗರವಾಗಿ ರೂಪುಗೊಳ್ಳಲು ಪ್ಲೇಗು ಒಂದು ಪ್ರಬಲ ಕಾರಣ. 1897ರ ಮೊದಲ ತಿಂಗಳುಗಳಲ್ಲಿ ರೋಗ ಪೇಠೆಗಳಲ್ಲಿ ಹಬ್ಬಿದಾಗ ಡಬ್ಲ್ಯು. ಸಿ. ರ್‍ಯಾಂಡ್‌ನ ನೇತೃತ್ವದ ಸಮಿತಿ ಸೈನಿಕರಿಂದ ಮನೆಗಳ ಶೋಧನೆ ಮಾಡಿಸಿತು. ಆ ಅತಿರೇಕಗಳಿಂದ ಕೆರಳಿದ ಚಾಪೇಕರ್ ಸೋದರರು ಅದೇ ವರ್ಷದ ಜೂನ್ 22ರಂದು ಅವನ ಮೇಲೆ ಗುಂಡು ಹಾರಿಸಿದ ಪ್ರಸಂಗ ಸುಪರಿಚಿತ. ವಸತಿಯ ಇತಿಹಾಸಕ್ಕೆ ಅದಕ್ಕಿಂತ ಮುಖ್ಯವಾದದ್ದು, ರೋಗ ಮರುಕಳಿಸಿದಾಗಲೆಲ್ಲ ಊರು ಬಿಟ್ಟು ಬಯಲಿನ ಗುಡಿಸಲುಗಳಲ್ಲಿ ಕೆಲಕಾಲ ಇದ್ದು ಬರುವ ರೂಢಿ ಬೆಳೆದದ್ದು. ಪೇಠೆಯ ಹೊರಗೂ ಸಂಸಾರ ಮಾಡಬಹುದೆಂಬ ತಿಳಿವಳಿಕೆ ಮಧ್ಯಮ ವರ್ಗಕ್ಕೆ ಬಂದದ್ದು ಹೀಗೆ. 1906ರಲ್ಲಿ ಡೆಕ್ಕನ್ ಜಿಮ್ಖಾನಾ ಎಂಬ ಕ್ರೀಡಾಸಂಸ್ಥೆ ಲಕ್ಡಿ ಪೂಲಿನ ಆಚೆ ತುದಿಯಲ್ಲಿ ನೆಲೆಗೊಂಡಿತು. ಮುಂದೆ ಇಡೀ ಬಡಾವಣೆಗೇ ಅದರ ಹೆಸರು ಬಂತು. 1915ರ ಮುಂಬಯಿ ನಗರ ಯೋಜನಾ ಕಾಯ್ದೆಯ ನಂತರ ನಿವೇಶನಗಳು, ರಸ್ತೆಗಳು ಒಂದು ಕ್ರಮಕ್ಕೆ ಬಂದವು. 1917ರಲ್ಲಿ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ, 1930ರಲ್ಲಿ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ, 1933ರಲ್ಲಿ ಕೊಲ್ಹಾಪುರದಿಂದ ಬಂದ ಪ್ರಭಾತ್ ಫಿಲ್ಮ್ ಕಂಪನಿ ಈ ದಂಡೆಯ ಸ್ವರೂಪವನ್ನೇ ಬದಲಿಸಿದವು. ಆಡಳಿತದಲ್ಲಿಯೂ ಇದು ಪ್ರತ್ಯೇಕ ಉಪನಗರ ಪುರಸಭೆಯಾಗಿದ್ದು, 1950ರ ಫೆಬ್ರವರಿ 15ರಂದು ನಗರ ಪುರಸಭೆಯೊಡನೆ ಕೂಡಿ ಪುಣೆ ಮಹಾನಗರಪಾಲಿಕೆ ಅಸ್ತಿತ್ವಕ್ಕೆ ಬಂತು.

ಸ್ಥೂಲವಾಗಿ ಹೇಳುವುದಾದರೆ ಎಡದಂಡೆ ನಿವೇಶನ ಕೊಂಡವರದು, ಬಲದಂಡೆ ಬಾಡಿಗೆ ಕೊಟ್ಟವರದು. ಈ ವಿಂಗಡಣೆಯನ್ನು ಗಟ್ಟಿಗೊಳಿಸಿದ್ದು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ. ಯುದ್ಧಕಾಲದಲ್ಲಿ ಜನಸಂಖ್ಯೆ ಏರಿ, ದೇಶವಿಭಜನೆಯ ನಿರಾಶ್ರಿತರೂ ಬಂದು, ವಸತಿಯ ಅಭಾವ ತೀವ್ರವಾಗಿದ್ದ ಕಾಲವದು. ಕಾಯ್ದೆಯು ‘ಪ್ರಮಾಣಿತ ಬಾಡಿಗೆ’ಯನ್ನು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಗೆ ಕಟ್ಟಿಹಾಕಿತು. ಬಾಡಿಗೆದಾರನನ್ನು ಸುಲಭವಾಗಿ ಹೊರಹಾಕುವಂತಿರಲಿಲ್ಲ. ಬಡ ಗುಮಾಸ್ತನಿಗೆ, ಶಾಲಾ ಶಿಕ್ಷಕನಿಗೆ, ವಿಧವೆಗೆ ಇದು ದೊಡ್ಡ ಆಸರೆ; ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಾಲೀಕನಿಗೆ ವಾಡೆಯನ್ನು ದುರಸ್ತಿ ಮಾಡುವ ಆಸಕ್ತಿ ಉಳಿಯಲಿಲ್ಲ. ಬಾಡಿಗೆದಾರನಿಗೋ ಕಡಿಮೆ ಬಾಡಿಗೆಯ ಕೋಣೆಯನ್ನು ಬಿಟ್ಟರೆ ಅಂಥದು ಇನ್ನೊಂದು ಸಿಗುವ ಭರವಸೆಯಿರಲಿಲ್ಲ. ಮಣ್ಣಿನ ಗೋಡೆ ಹಳತಾಗುತ್ತಾ ಹೋಯಿತು, ಬಾಡಿಗೆದಾರ ಅಲ್ಲಿಯೇ ಉಳಿದ. ಡಿ. ಆರ್. ಗಾಡ್ಗೀಳರು ಗೋಖಲೆ ಸಂಸ್ಥೆಯಿಂದ 1945 ಮತ್ತು 1952ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಪುಣೆಯ ಸಾಮಾಜಿಕ-ಆರ್ಥಿಕ ಸಮೀಕ್ಷೆಯೂ 1956ರ ಮರುಸಮೀಕ್ಷೆಯೂ ಈ ಕಾಲದ ನಗರಜೀವನವನ್ನು ಅರಿಯಲು ಅಮೂಲ್ಯ ಆಕರಗಳು. ಪ್ರವಾಹಕ್ಕೆ ಐದು ವರ್ಷ ಮೊದಲಿನ ನಗರದ ಚಿತ್ರ ಹೀಗೆ ದಾಖಲಾಗಿರುವುದು ಅಪರೂಪದ ಸಂಗತಿ.

ಇನ್ನು ಹೊಳೆಯ ಮೇಲ್ಭಾಗ. ಪುಣೆಗೆ ನೀರೊದಗಿಸುತ್ತಿದ್ದ ಖಡಕ್‌ವಾಸ್ಲಾ ಅಣೆಕಟ್ಟು 1879ರ ಹೊತ್ತಿಗೆ ಮುಗಿದ ಕಲ್ಲುಕಟ್ಟಡ. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಅಳವಡಿಸಿದ್ದು ಇಲ್ಲಿಯೇ, 1903ರಲ್ಲಿ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವುದು, ನೀರು ಮಿತಿ ಮೀರಿದಾಗ ಬಾಗಿಲು ತಾನೇ ತೆರೆದುಕೊಳ್ಳುವುದು ಆ ಯೋಜನೆಯ ತತ್ತ್ವ. 1961ರಲ್ಲಿ ಅವರಿಗೆ ನೂರು ವರ್ಷದ ವಯಸ್ಸು. ಬೆಂಗಳೂರಿನಲ್ಲಿ ಇನ್ನೂ ಬದುಕಿದ್ದರು. ಖಡಕ್‌ವಾಸ್ಲಾ ಒಡೆದದ್ದು ಮಾತ್ರ ತನ್ನ ದೋಷದಿಂದಲ್ಲ, ಮೇಲಿನ ಪಾನ್‌ಶೇತಿನಿಂದ ಬಂದ ನೀರಿನ ಹೊಡೆತಕ್ಕೆ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು.

ಮುಠಾದ ಉಪನದಿ ಅಂಬಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಪಾನ್‌ಶೇತ್ ಮಣ್ಣಿನ ಅಣೆಕಟ್ಟು. ನೀರು ಹೊರಬಿಡುವ ಕೊಳವೆಮಾರ್ಗದ ಕೆಲಸ ಪೂರ್ಣಗೊಳ್ಳುವ ಮೊದಲೇ ಮಳೆಗಾಲ ಬಂದು ಜಲಾಶಯ ತುಂಬತೊಡಗಿತು. ಆ ಭಾಗದಲ್ಲಿ ಕಟ್ಟೆ ಕುಸಿಯಿತು. ಜುಲೈ 11ರ ರಾತ್ರಿಯಿಡೀ ಸೇನೆಯ ಜವಾನರು ಮರಳಿನ ಚೀಲಗಳನ್ನು ಒಟ್ಟಿದರು. ಆ ಶ್ರಮದಿಂದ ಅಣೆಕಟ್ಟು ಉಳಿಯದಿದ್ದರೂ ಒಡೆಯುವುದು ಬೆಳಗಿನವರೆಗೆ ತಡವಾಯಿತು. ಪ್ರವಾಹ ಕತ್ತಲಲ್ಲಿ ಬರದೆ ಹಗಲಲ್ಲಿ ಬಂತು. ಸತ್ತವರ ಸಂಖ್ಯೆ ಸುಮಾರು ಒಂದು ಸಾವಿರವೆಂಬ ಅಂದಾಜಿದೆ. ನಗರಕ್ಕೆ ಸ್ಪಷ್ಟ ಮುನ್ನೆಚ್ಚರಿಕೆ ಸಿಕ್ಕಿರಲಿಲ್ಲವೆಂಬುದನ್ನು ನೆನೆದರೆ, ರಾತ್ರಿಯಾಗಿದ್ದರೆ ಎಷ್ಟಾಗುತ್ತಿತ್ತೆಂದು ಊಹಿಸುವುದೂ ಕಷ್ಟ. ಅದೇ ದಿನ ಖಡಕ್‌ವಾಸ್ಲಾವೂ ಒಡೆಯಿತು. ಹೊಳೆದಂಡೆಯ ಪೇಠೆಗಳೂ ಎದುರಿನ ಡೆಕ್ಕನ್ ಜಿಮ್ಖಾನಾದ ತಗ್ಗು ಭಾಗಗಳೂ ಮುಳುಗಿದವು. ಎರಡು ದಂಡೆಗಳ ನಷ್ಟ ಮಾತ್ರ ಒಂದೇ ಬಗೆಯದಾಗಿರಲಿಲ್ಲ. ಕಲ್ಲು ಗಾರೆಗಳ ಬಂಗಲೆಯಿಂದ ನೀರು ಇಳಿದರೆ ಕೆಸರು ಉಳಿಯುತ್ತದೆ, ಮನೆಯೂ ಉಳಿಯುತ್ತದೆ. ಮಣ್ಣಿನ ಗೋಡೆಯ ವಾಡೆಯಲ್ಲಿ ಗಂಟೆಗಟ್ಟಲೆ ನೀರು ನಿಂತರೆ ಗೋಡೆ ಕರಗಿ ಚೌಕಟ್ಟು ಕುಸಿಯುತ್ತದೆ. ಖಡಕ್‌ವಾಸ್ಲಾ ಹೋದ್ದರಿಂದ ನಲ್ಲಿಗಳು ಬತ್ತಿ, ಪ್ರವಾಹಕ್ಕೆ ಸಿಕ್ಕ ಊರಿನಲ್ಲಿ ಕುಡಿಯುವ ನೀರಿಲ್ಲದಂತಾಗಿ, ವಾಡೆಗಳ ಹಳೆಯ ಬಾವಿಗಳು ಮತ್ತೆ ಬಳಕೆಗೆ ಬಂದವು.

ಬಾಡಿಗೆದಾರನ ನಿಜವಾದ ಸಂಕಟ ಆರಂಭವಾದದ್ದು ನೀರು ಇಳಿದ ಮೇಲೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಪ್ರಕರಣದಲ್ಲಿ ಬೆಂಕಿ, ಬಿರುಗಾಳಿಗಳ ಜೊತೆಗೆ ಪ್ರವಾಹದ ಉಲ್ಲೇಖವೂ ಇದೆ: ಬಾಡಿಗೆಯ ಸ್ವತ್ತು ಇವುಗಳಿಂದ ನಾಶವಾದರೆ ಗೇಣಿಯನ್ನು ರದ್ದೆಂದು ಪರಿಗಣಿಸುವ ಆಯ್ಕೆ ಗೇಣಿದಾರನದು. ಅಂದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಅವನಿಗುಂಟು. ಆದರೆ ಬಿಟ್ಟುಹೋಗಲು ಇಷ್ಟವಿಲ್ಲದವನ ಗತಿಯೇನು? ಮನೆಯೇ ಇಲ್ಲದ ಮೇಲೆ ಬಾಡಿಗೆ ಹಕ್ಕು ಉಳಿಯುತ್ತದೆಯೇ? ಮಾಲೀಕನೇ ಮನೆ ಕೆಡವಿ ಹೊಸದನ್ನು ಕಟ್ಟಲು ತೆರವು ಮಾಡಿಸಿದರೆ ಹೊಸ ಕಟ್ಟಡದಲ್ಲಿ ಜಾಗ ಕೇಳುವ ಅವಕಾಶ ಬಾಡಿಗೆ ಕಾಯ್ದೆಯಲ್ಲಿತ್ತು. ಹೊಳೆಯೇ ಕೆಡವಿದ ಮನೆಯ ವಿಷಯ ಅಷ್ಟು ಸ್ಪಷ್ಟವಾಗಿರಲಿಲ್ಲ. ಮಾಲೀಕನಿಗೆ ಮನೆ ಹೋದರೂ ನಿವೇಶನ ಉಳಿಯಿತು, ಅದೂ ಹಳೆಯ ಬಾಡಿಗೆಯ ಕಟ್ಟಿನಿಂದ ಬಿಡುಗಡೆಯಾಗಬಹುದಾದ ನಿವೇಶನ. ಬಾಡಿಗೆದಾರನಿಗೆ ಉಳಿಯಬಹುದಾಗಿದ್ದದ್ದು ರಸೀದಿಗಳು, ಅವು ನೀರಿಗೆ ಸಿಕ್ಕಿರದಿದ್ದರೆ. ಈ ಕಾನೂನಿನ ತೊಡಕು ಬಹುಕಾಲ ಬಗೆಹರಿಯಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಒಮ್ಮೆ ಕಟ್ಟಡ ನಾಶವಾದರೆ ಬಾಡಿಗೆ ಹಕ್ಕೂ ಅಳಿಯುತ್ತದೆಂಬ ನಿಲುವು ತಳೆದಿತ್ತು. ನೆಲ ಉಳಿದಿರುವವರೆಗೆ ಹಕ್ಕು ಅಳಿಯದೆಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿದ್ದು 2014ರಲ್ಲಿ, ಪಾನ್‌ಶೇತ್ ಒಡೆದು 53 ವರ್ಷಗಳ ನಂತರ.

ಪುನರ್ವಸತಿಯ ಹೊಣೆಯನ್ನು ರಾಜ್ಯಸರ್ಕಾರ ಎಸ್. ಜಿ. ಬರ್ವೆಯವರಿಗೆ ಒಪ್ಪಿಸಿತು. ಪುಣೆಯನ್ನು ಚೆನ್ನಾಗಿ ಬಲ್ಲ ಈ ಅಧಿಕಾರಿ ಕೆಲಸವನ್ನು ಚುರುಕಾಗಿ ನಡೆಸಿದರೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮರುವರ್ಷ ಶಿವಾಜಿನಗರ ಕ್ಷೇತ್ರದಿಂದ ಗೆದ್ದು ಅವರು ಮಂತ್ರಿಯೂ ಆದರು. ತಾತ್ಕಾಲಿಕ ನಿಸೆನ್ ಗುಡಾರಗಳು, ಅನಂತರ ಗೋಖಲೆನಗರ, ಲೋಕಮಾನ್ಯನಗರ, ಸಹಕಾರನಗರ ಮುಂತಾದ ಬಡಾವಣೆಗಳು ಎದ್ದವು. ಪ್ರವಾಹಪೀಡಿತರ ನೂರಕ್ಕೂ ಹೆಚ್ಚು ಸಹಕಾರಿ ಗೃಹನಿರ್ಮಾಣ ಸಂಘಗಳಿಗೆ ಸರ್ಕಾರದ ಜಮೀನು ಗುತ್ತಿಗೆಯ ಮೇಲೆ ದೊರೆಯಿತು. ಹೀಗೆ ವಾಡೆಯ ಬಾಡಿಗೆದಾರರಲ್ಲಿ ಅನೇಕರು ಮೊದಲ ಬಾರಿಗೆ ಸ್ವಂತವೆನ್ನಬಹುದಾದ ಮನೆ ಪಡೆದರು. ಆದರೂ ನೆಲದ ಮಟ್ಟಿಗೆ ಅವರು ಇನ್ನೂ ಗುತ್ತಿಗೆದಾರರೇ. ಮಾಲೀಕ ಬದಲಾಗಿದ್ದ, ಅಷ್ಟೆ. ಗುತ್ತಿಗೆಯನ್ನು ಒಡೆತನವಾಗಿ ಪರಿವರ್ತಿಸಬೇಕೆಂಬ ಬೇಡಿಕೆ 2010ರ ದಶಕದವರೆಗೂ ಜೀವಂತವಾಗಿತ್ತು.

ಹೊಳೆದಂಡೆಯ ತೆರವಾದ ನಿವೇಶನಗಳ ಕಥೆ ಬೇರೆ. 1963ರ ಮಹಾರಾಷ್ಟ್ರ ಫ್ಲ್ಯಾಟ್ ಒಡೆತನ ಕಾಯ್ದೆ ಕೋಣೆ ಬಾಡಿಗೆಗಿಂತ ಮನೆ ಮಾರಾಟವನ್ನು ಲಾಭದಾಯಕವಾಗಿಸಿದ ಹೊಸ ವ್ಯವಸ್ಥೆಗೆ ಚೌಕಟ್ಟು ಒದಗಿಸಿತು. ವಾಡೆಗಳಿದ್ದಲ್ಲಿ ಬಹುಮಹಡಿ ಕಟ್ಟಡಗಳು ಬಂದವು. ಪ್ರವಾಹವೇ ಇದಕ್ಕೆಲ್ಲ ಕಾರಣವೆನ್ನುವುದು ಅತ್ಯುಕ್ತಿ. ನೀರು ಮುಟ್ಟದ ಪೇಠೆಗಳಲ್ಲಿಯೂ ಇದೇ ನಡೆಯಿತು, ಕೊಂಚ ನಿಧಾನವಾಗಿ. ಬಾಡಿಗೆಯ ಸ್ವರೂಪವೂ ಬದಲಾಯಿತು. ಬಾಡಿಗೆದಾರನ ಹಕ್ಕಿಗೆ ಹೆದರಿದ ಮಾಲೀಕರು ‘ಅನುಮತಿ ಪತ್ರ’ದ ಮೇಲೆ ಮನೆ ಕೊಡತೊಡಗಿದರು. 1973ರ ತಿದ್ದುಪಡಿ ಅಂಥವರಲ್ಲಿ ಆ ವರ್ಷದ ಫೆಬ್ರವರಿ 1ರಂದು ವಾಸವಿದ್ದವರನ್ನು ಬಾಡಿಗೆದಾರರೆಂದೇ ಮಾನ್ಯಮಾಡಿತು. 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಾಡಿಗೆಯನ್ನು ಹಳೆಯ ದರಕ್ಕೆ ಹೆಪ್ಪುಗಟ್ಟಿಸುವ ಉಪಬಂಧಗಳು ಕಾಲಾಂತರದಲ್ಲಿ ಅಸಮಂಜಸವಾಗಿವೆಯೆಂದಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಹನ್ನೊಂದು ತಿಂಗಳ ಕರಾರು ವಾಡಿಕೆಯಾಯಿತು.

ಖಡಕ್‌ವಾಸ್ಲಾವನ್ನು ಮತ್ತೆ ಕಟ್ಟಲಾಯಿತು, ಪಾನ್‌ಶೇತನ್ನೂ. ಪುಣೆಯ ಹೊಳೆದಂಡೆಯ ಉಪನಗರ ಈಗ ಡೆಕ್ಕನ್ ಜಿಮ್ಖಾನಾವಲ್ಲ; ಅದು ನಗರದ ನಡುವಿಗೆ ಬಂದಿದೆ. ನದಿಯ ಮೇಲ್ದಿಕ್ಕಿಗೆ, ಸಿಂಹಗಡ ರಸ್ತೆಯ ಉದ್ದಕ್ಕೆ, ಅಣೆಕಟ್ಟಿಗೆ ಇನ್ನಷ್ಟು ಹತ್ತಿರದಲ್ಲಿ ಹೊಸ ಬಡಾವಣೆಗಳು ಬೆಳೆದಿವೆ. 2024ರ ಜುಲೈ 25ರಂದು ಭಾರಿ ಮಳೆಯೊಡನೆ ಖಡಕ್‌ವಾಸ್ಲಾದಿಂದ ಬಿಟ್ಟ ನೀರು ಅಲ್ಲಿನ ಏಕತಾನಗರಿಯ ವಸತಿ ಸಮುಚ್ಚಯಗಳ ಕೆಳಮಹಡಿಗಳಿಗೆ ನುಗ್ಗಿತು. ಅಲ್ಲಿ ಯಾವ ಕಟ್ಟಡವೂ ಮಣ್ಣಿನ ಗೋಡೆಯದಾಗಿರಲಿಲ್ಲ.