ಬೇಸಿಗೆಯಲ್ಲಿ ಎಮ್ಮೆ ಏಕೆ ಗಬ್ಬ ಕಟ್ಟದು?

ಬೆಂಗಳೂರು: ರಾಜಾಜಿನಗರದಂಥ ಬಡಾವಣೆಗಳಲ್ಲಿ ಮೊಸರು, ಮಜ್ಜಿಗೆಗೆ ಬೇಡಿಕೆ ಏರುವುದು ಬೇಸಿಗೆಯಲ್ಲಿ. ಹಳ್ಳಿಯ ಕೊಟ್ಟಿಗೆಗಳಲ್ಲಿ ಎಮ್ಮೆ ಹಾಲು ಇಳಿಮುಖವಾಗುವುದೂ ಅದೇ ಕಾಲದಲ್ಲಿ. ಈ ವೈಪರೀತ್ಯಕ್ಕೆ ಮೇವಿನ ಅಭಾವವಷ್ಟೇ ಅಲ್ಲ, ಎಮ್ಮೆಯ ಸಂತಾನೋತ್ಪತ್ತಿ ಚಕ್ರವೂ ಕಾರಣ.

21 ದಿನಗಳ ಚಕ್ರ

ಎಮ್ಮೆ ಸರಾಸರಿ 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ಸಾಮಾನ್ಯವಾಗಿ 12ರಿಂದ 24 ಗಂಟೆಗಳ ಕಾಲ ಇರುತ್ತದೆ. ಅಂಡಾಣು ಬಿಡುಗಡೆಯಾಗುವುದು ಬೆದೆ ಇಳಿದ ಮೇಲೆ. ಆದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ವಾಡಿಕೆ. ಗರ್ಭದ ಅವಧಿ ಸುಮಾರು 310 ದಿನ. ಹಸುವಿಗಿಂತ ಒಂದು ತಿಂಗಳು ಹೆಚ್ಚು.

ಹಗಲು ಕುಗ್ಗುವ ಕಾಲದಲ್ಲಿ ಎಮ್ಮೆಯ ಸಂತಾನಶಕ್ತಿ ಚುರುಕಾಗುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಗಬ್ಬವಾದ ಎಮ್ಮೆ ಮರುವರ್ಷ ಆಗಸ್ಟ್‌ನಲ್ಲಿ ಈಯುತ್ತದೆ. ಮಳೆಗಾಲ, ಚಳಿಗಾಲಗಳಲ್ಲಿ ಹಾಲು ಹೆಚ್ಚಿ, ಬೇಸಿಗೆಗೆ ಇಳಿಯುವುದು ಹೀಗೆ.

ಮೂಕ ಬೆದೆ

ಎಮ್ಮೆಯ ಚರ್ಮ ಕಪ್ಪು, ಬೆವರು ಗ್ರಂಥಿಗಳು ವಿರಳ. ಬಿಸಿಲಿನ ತಾಪಕ್ಕೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಅಂಡಾಶಯದ ಕಾರ್ಯ ಮಂದವಾಗುತ್ತದೆ. ಕೆಲವು ಎಮ್ಮೆಗಳು ಬೆದೆಗೇ ಬರುವುದಿಲ್ಲ. ಇನ್ನು ಕೆಲವಕ್ಕೆ ಬೆದೆ ಬಂದರೂ ಕೂಗು, ಚಡಪಡಿಕೆಗಳು ಕಾಣುವುದಿಲ್ಲ, ಲೋಳೆಯೂ ಅತ್ಯಲ್ಪ. ಇದೇ ಮೂಕ ಬೆದೆ. ಚಿಹ್ನೆಗಳು ಕಂಡರೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ.

ಒಂದು ಬೆದೆ ಕೈತಪ್ಪಿದರೆ ಮೂರು ವಾರ ನಷ್ಟ. ಜನವರಿಯಲ್ಲಿ ಈದ ಎಮ್ಮೆ ಏಪ್ರಿಲ್‌ನಲ್ಲಿ ಗಬ್ಬವಾದರೆ ಎರಡು ಕರುಗಳ ನಡುವಿನ ಅಂತರ ಸುಮಾರು 13 ತಿಂಗಳು. ಅದೇ ಅಕ್ಟೋಬರ್‌ವರೆಗೆ ಮುಂದೆ ಹೋದರೆ 19 ತಿಂಗಳು. ಹಾಲಿಲ್ಲದ ಎಮ್ಮೆಯನ್ನು ಅಷ್ಟು ಕಾಲ ಸಾಕಲಾರದ ಬಡ ರೈತ ಅದಕ್ಕೆ ಗೊಡ್ಡೆಂಬ ಹಣೆಪಟ್ಟಿ ಕಟ್ಟಿ ಅಗ್ಗಕ್ಕೆ ಮಾರುತ್ತಾನೆ.

ಪರಿಹಾರ ಕೊಟ್ಟಿಗೆಯಲ್ಲೇ

ದೆಹಲಿಯಲ್ಲಿ ವರ್ಷದ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ಅಂತರ ಮೂರೂವರೆ ಗಂಟೆಗೂ ಹೆಚ್ಚು. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಹೀಗಾಗಿ ನಮ್ಮಲ್ಲಿ ಹಗಲಿನ ಉದ್ದಕ್ಕಿಂತ ತಾಪ ಮತ್ತು ಮೇವಿನ ಪಾತ್ರವೇ ದೊಡ್ಡದು. ಇವೆರಡನ್ನೂ ರೈತ ಸರಿಪಡಿಸಬಲ್ಲ.

ನೆರಳು, ದಿನಕ್ಕೆ ಎರಡು ಮೂರು ಬಾರಿ ಮೈಮೇಲೆ ನೀರು ಅಥವಾ ಕೆರೆಯಲ್ಲಿ ಮುಳುಗಲು ಅವಕಾಶ, ತಂಪು ಹೊತ್ತಿನಲ್ಲಿ ಮೇವು, ಹಸಿರು ಮೇವಿಲ್ಲದಾಗ ರಸಮೇವು, ಜತೆಗೆ ಲವಣ ಮಿಶ್ರಣ - ಇವು ಮೊದಲ ಹೆಜ್ಜೆಗಳು. ನಸುಕಿನಲ್ಲಿ ಮತ್ತು ಮಲಗುವ ಮುನ್ನ ಎಮ್ಮೆಯನ್ನು ಗಮನಿಸಬೇಕು. ಈದು ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಂದ ಅಂಡಾಶಯ ಪರೀಕ್ಷೆ ಅಗತ್ಯ. ಹಾರ್ಮೋನು ಚಿಕಿತ್ಸೆಯಿಂದ ಚಕ್ರವನ್ನು ಮರಳಿ ಆರಂಭಿಸುವ ವಿಧಾನಗಳೂ ಇವೆ.

ಧಾರವಾಡ ಪೇಡದೊಂದಿಗೆ ಹೆಸರು ಬೆಸೆದಿರುವ ಧಾರವಾಡಿ ಎಮ್ಮೆ 2021ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಮಾನ್ಯತೆ ಪಡೆಯಿತು. ಆದರೆ ತಳಿ ಉಳಿಯುವುದು ಮಾನ್ಯತೆಯೊಂದರಿಂದಲೇ ಅಲ್ಲ. ಬೇಸಿಗೆಯಲ್ಲಿ ಗಬ್ಬ ಕಟ್ಟದ ಎಮ್ಮೆಯೆಲ್ಲ ಗೊಡ್ಡಲ್ಲ. ಮಾರುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು.